ನಾರಾ ನಗರದ ಎರಡನೆಯ ತಿಂಗಳ ಮಂದಿರ

ಕೂಟಗಲ್, ರಾಮನಗರ, ಚನ್ನಪಟ್ಟಣಗಳ ಸುತ್ತಿನ ಜನತೆಗೆ ಜಪಾನ್ ದೇಶದ ಹೆಸರು ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಮ್‌ಷೆಟ್‌ಜಿ ಟಾಟಾ ಅವರು ಜಪಾನಿನ ತಜ್ಞರ ನೆರವು ಪಡೆದು ಬೆಂಗಳೂರಿನಲ್ಲಿ ರೇಷ್ಮೆ ಕ್ಷೇತ್ರವೊಂದನ್ನು ಸ್ಥಾಪಿಸಿದರು. ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲಿ ಆ ದೇಶಕ್ಕೆ ಹೋಗಿಬಂದು, ಅಲ್ಲಿಯ ಶಿಕ್ಷಣ ಮತ್ತು ಕೈಗಾರಿಕೆಗಳ ಏಳಿಗೆಯನ್ನು ಕಣ್ಣಾರೆ ಕಂಡರು. 1991ರಿಂದ ಜಪಾನಿನ ಸಹಕಾರದೊಡನೆ ಕರ್ನಾಟಕದಲ್ಲಿ ದ್ವಿತಳಿ ರೇಷ್ಮೆಯ ಅಭಿವೃದ್ಧಿ ಕಾರ್ಯ ನಡೆಯಿತು. ಇಂದು ಹಳ್ಳಿಯ ಮನೆಗಳಲ್ಲಿ ಚಂದ್ರಿಕೆಯ ಮೇಲೆ ಬಿಳಿಯ ಗೂಡು ಕಟ್ಟುವ ಹುಳುವಿನ ವಂಶದಲ್ಲಿಯೇ ಜಪಾನಿನ ಪಾಲು ಸೇರಿದೆ.

ಆದರೂ ಜಪಾನ್ ಎಂದೊಡನೆ ಮನಸ್ಸಿಗೆ ಬರುವುದು ಯಂತ್ರಗಳು ಮತ್ತು ವೇಗದ ರೈಲುಗಳು. ಆ ದೇಶದ ಹಳೆಯ ಮುಖವನ್ನು ನೋಡಬಯಸುವವರು ನಾರಾ ನಗರಕ್ಕೆ ಹೋಗಬೇಕು. ಅದರಲ್ಲಿಯೂ ಚಳಿಗಾಲ ಮುಗಿಯುತ್ತಿರುವಾಗ, ಮರದ ಮೇಲೆ ಹೊಸ ಚಿಗುರು ಇನ್ನೂ ಕಾಣದಿರುವಾಗ ಹೋಗಬೇಕು.

ನಾರಾ ನಗರವು ಕ್ಯೋತೋ ಪಟ್ಟಣದ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿದೆ. ರೈಲಿನಲ್ಲಿ ಒಂದು ಗಂಟೆಗೂ ಕಡಿಮೆ ಪ್ರಯಾಣ. 710ರಿಂದ 784ರವರೆಗೆ ಇದು ಜಪಾನಿನ ರಾಜಧಾನಿ. ಚೀನಾದ ಚಾಂಗಾನ್ ನಗರದ ಮಾದರಿಯಲ್ಲಿ, ಪಗಡೆಯ ಹಾಸಿನಂತೆ ಬೀದಿಗಳನ್ನು ಅಡ್ಡಲಾಗಿಯೂ ಉದ್ದಲಾಗಿಯೂ ಗೆರೆಯೆಳೆದು ಇದನ್ನು ಕಟ್ಟಿದರು. ಮುಂದೆ ಅರಸರು ರಾಜಧಾನಿಯನ್ನು ಬೇರೆಡೆಗೆ ಒಯ್ದರು. ಅರಮನೆ ಹೊಲಗದ್ದೆಯಾಯಿತು, ದೇವಾಲಯಗಳು ಮಾತ್ರ ಇದ್ದೆಡೆಯಲ್ಲಿಯೇ ಉಳಿದವು.

ಆ ದೇವಾಲಯಗಳಲ್ಲಿ ಹಿರಿದಾದುದು ತೋದಾಯ್‌ಜಿ. ಅಲ್ಲಿ ಕುಳಿತಿರುವ ಸುಮಾರು 15 ಮೀಟರ್ ಎತ್ತರದ ಕಂಚಿನ ವೈರೋಚನ ಬುದ್ಧನ ಮೂರ್ತಿಯನ್ನು ನಿರ್ಮಿಸಬೇಕೆಂದು ಚಕ್ರವರ್ತಿ ಶೋಮು 743ರಲ್ಲಿ ಆಜ್ಞೆ ಹೊರಡಿಸಿದನು. ನಾಡಿನಲ್ಲಿ ಸಿಡುಬಿನ ಮಾರಿ ಹಬ್ಬಿ ಅಸಂಖ್ಯ ಜನ ಮಡಿದ ಕೆಲವೇ ವರ್ಷಗಳ ಅನಂತರದ ಮಾತು ಇದು. ಒಂದು ಹುಲ್ಲುಕಡ್ಡಿಯನ್ನೋ ಒಂದು ಹಿಡಿ ಮಣ್ಣನ್ನೋ ತಂದು ನೆರವಾಗಬಯಸುವ ಬಡವನನ್ನೂ ತಡೆಯಬಾರದೆಂಬುದು ಆ ಆಜ್ಞೆಯ ಸಾರ. ಜನರನ್ನು ಈ ಕಾರ್ಯಕ್ಕೆ ಒಗ್ಗೂಡಿಸಿದವನು ಗ್ಯೋಕಿ ಎಂಬ ಭಿಕ್ಷು. ಆತ ಊರೂರು ತಿರುಗಿ ಸೇತುವೆ ಕಟ್ಟಿಸಿದವನು, ಕೆರೆ ತೋಡಿಸಿದವನು. ಅಪ್ಪಣೆಯಿಲ್ಲದೆ ಜನರಿಗೆ ಬೋಧಿಸುತ್ತಾನೆಂದು ಮೊದಲು ಆತನನ್ನು ತಡೆದ ಸರ್ಕಾರವೇ ಕೊನೆಗೆ ಆತನಿಗೆ ಭಿಕ್ಷುಸಂಘದ ಪರಮೋಚ್ಚ ಪದವಿಯನ್ನಿತ್ತಿತು. ಸೊನ್ನಲಿಗೆಯ ಸಿದ್ಧರಾಮನು ಕೆರೆ ಕಟ್ಟಿಸಿದ ಕಥೆಯನ್ನು ಬಲ್ಲವರಿಗೆ ಗ್ಯೋಕಿಯ ಬಾಳು ಅಪರಿಚಿತವೆನಿಸದು. ನಾರಾದ ರೈಲು ನಿಲ್ದಾಣವೊಂದರ ಮುಂದೆ ಇಂದಿಗೂ ಆತನ ಪ್ರತಿಮೆ ನಿಂತಿದೆ.

752ರಲ್ಲಿ ಮೂರ್ತಿಯ ನೇತ್ರೋನ್ಮೀಲನ ನಡೆಯಿತು. ಕುಂಚ ಹಿಡಿದು ಬುದ್ಧನ ಕಣ್ಣು ಬರೆದವನು ಭಾರತದಿಂದ ಹೋಗಿದ್ದ ಬೋಧಿಸೇನ. 736ರಲ್ಲಿ ಜಪಾನನ್ನು ಸೇರಿದ್ದ ಆತನನ್ನು ಅಲ್ಲಿಯವರು ಬ್ರಾಹ್ಮಣ ಗುರು ಎಂಬ ಅರ್ಥದ ಹೆಸರಿನಿಂದ ಕರೆಯುತ್ತಿದ್ದರು. ಆ ಕುಂಚಕ್ಕೆ ನೀಲಿಯ ರೇಷ್ಮೆನೂಲಿನ ಉದ್ದನೆಯ ಹಗ್ಗವನ್ನು ಕಟ್ಟಲಾಗಿತ್ತು. ನೆರೆದವರು ಅದನ್ನು ಹಿಡಿದು ನಿಂತು, ತಾವೂ ಕಣ್ಣು ಬರೆದ ಪುಣ್ಯದಲ್ಲಿ ಪಾಲುಗೊಂಡರು. ಕನ್ನಡ ನಾಡಿನಲ್ಲಿ ಬಾದಾಮಿಯ ಚಾಲುಕ್ಯರು ಆಳುತ್ತಿದ್ದ ಕಾಲವದು. ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಇಂದು ವಿರೂಪಾಕ್ಷನೆಂದು ಹೆಸರಾದ ಗುಡಿಯನ್ನು ಎತ್ತಿಸಿದ್ದೂ ಆ ದಶಕಗಳಲ್ಲಿಯೇ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಪಟ್ಟದಕಲ್ಲಿನ ಗುಡಿ ಕಲ್ಲಿನದು. ಮಳೆ ಬಿಸಿಲುಗಳಿಗೆ ಮೈಯೊಡ್ಡಿ ತಾನಾಗಿಯೇ ನಿಲ್ಲಬಲ್ಲದು. ಹೆಸರಿನಲ್ಲಿಯೇ ಕಲ್ಲನ್ನುಳ್ಳ ಕೂಟಗಲ್ಲಿನವರಿಗೆ, ಹೆಬ್ಬಂಡೆಗಳ ನಡುವೆ ಬೆಳೆದ ರಾಮನಗರದವರಿಗೆ ಕಲ್ಲಿನ ಗುಣವನ್ನು ಹೇಳಬೇಕಾದ ಅಗತ್ಯವಿಲ್ಲ. ನಾರಾದಲ್ಲಿ ಎಲ್ಲವೂ ಮರ. ಮಹಾಬುದ್ಧನ ಮಂದಿರವು 1180ರ ಯುದ್ಧದಲ್ಲಿ ಸುಟ್ಟಿತು, ಕಟ್ಟಿದರು. 1567ರ ಯುದ್ಧದಲ್ಲಿ ಮತ್ತೆ ಸುಟ್ಟಿತು. ಅನಂತರ ಬುದ್ಧನು ಬಹುಕಾಲ ಬಿಸಿಲು ಮಳೆಗಳಲ್ಲಿಯೇ ಕುಳಿತಿದ್ದನು. ಈಗಿರುವ ಮಂದಿರ 1709ರದು. ಅಗಲದಲ್ಲಿ ಹಳೆಯದರ ಮೂರರಲ್ಲಿ ಎರಡು ಪಾಲು ಮಾತ್ರ. ಆದರೂ ಜಗತ್ತಿನ ಅತಿ ದೊಡ್ಡ ಮರದ ಕಟ್ಟಡಗಳಲ್ಲಿ ಅದಕ್ಕೆ ಸ್ಥಾನವಿದೆ. ಹಾಗಾದರೆ ಸುಡುವ ವಸ್ತುವಿನಿಂದ ಕಟ್ಟಿದ ನಗರವು ಉಳಿದದ್ದು ಹೇಗೆ? ಇದಕ್ಕೆ ಉತ್ತರವನ್ನು ಚಳಿಗಾಲದ ಕೊನೆಯಲ್ಲಿ ನಡೆಯುವ ಒಂದು ಆಚರಣೆಯಲ್ಲಿ ಕಾಣಬಹುದು.

ಫೆಬ್ರವರಿಯ ಕೊನೆಯಲ್ಲಿ ನಾರಾದ ಚಳಿ ತೀಕ್ಷ್ಣವಾದುದು. ರಾತ್ರಿಯ ಉಷ್ಣತೆ ನೀರು ಹೆಪ್ಪುಗಟ್ಟುವ ಮಟ್ಟಕ್ಕೆ ಇಳಿಯುತ್ತದೆ. ಜನವರಿಯ ಕೊನೆಯಲ್ಲಿ ಹುಲ್ಲನ್ನು ಸುಟ್ಟ ವಕಾಕುಸಾ ಬೆಟ್ಟ ಕಪ್ಪಗಿರುತ್ತದೆ. ಫೆಬ್ರವರಿ ಆರಂಭದಲ್ಲಿ ಕಸುಗಾ ದೇಗುಲದ ಸುಮಾರು 3,000 ಕಲ್ಲಿನ ಮತ್ತು ಲೋಹದ ದೀಪಗಳನ್ನು ಒಮ್ಮೆಗೇ ಹೊತ್ತಿಸುತ್ತಾರೆ. ಆ ದೇಗುಲದ ದೇವರು ಬಿಳಿಯ ಜಿಂಕೆಯನ್ನೇರಿ ಬಂದನೆಂಬ ನಂಬಿಕೆಯಿಂದ, ಸಾವಿರಕ್ಕೂ ಮಿಗಿಲಾದ ಜಿಂಕೆಗಳು ಯಾರ ಅಂಜಿಕೆಯೂ ಇಲ್ಲದೆ ನಗರದ ಉದ್ಯಾನದಲ್ಲಿ ಅಲೆಯುತ್ತವೆ. ಹಪ್ಪಳದಂಥ ತಿಂಡಿಯನ್ನು ಹಿಡಿದವರ ಮುಂದೆ ತಲೆ ಬಾಗಿಸುತ್ತವೆ. ಎಲೆಯಿಲ್ಲದ ಮರಗಳ ನಡುವೆ ಪ್ಲಮ್ ಹೂವೊಂದೇ ಅರಳಿರುತ್ತದೆ. ವಸಂತಕಾಲದ ಜನಸಂದಣಿ ಇನ್ನೂ ಬಂದಿರುವುದಿಲ್ಲ.

ಮಹಾಬುದ್ಧನ ಮಂದಿರದಿಂದ ಮೂಡಣ ಇಳಿಜಾರನ್ನು ಹತ್ತಿದರೆ ನಿಗತ್ಸುದೋ ಎಂಬ ಮಂದಿರ ಸಿಗುತ್ತದೆ. ಎರಡನೆಯ ತಿಂಗಳ ಮಂದಿರ ಎಂದು ಅದರ ಅರ್ಥ. ಹಳೆಯ ಚಾಂದ್ರಮಾನದ ಎರಡನೆಯ ತಿಂಗಳಲ್ಲಿ ನಡೆಯುತ್ತಿದ್ದ ಶುನಿ-ಎ ಎಂಬ ಆಚರಣೆಯಿಂದ ಈ ಹೆಸರು ಬಂದಿದೆ. ಈಗ ಅದು ಪ್ರತಿವರ್ಷ ಮಾರ್ಚ್ 1ರಿಂದ 14ರವರೆಗೆ ನಡೆಯುತ್ತದೆ. ಹನ್ನೊಂದು ಮಂದಿ ಭಿಕ್ಷುಗಳು ಏಕಾದಶಮುಖ ಅವಲೋಕಿತೇಶ್ವರನ ಮುಂದೆ, ತಮ್ಮ ತಪ್ಪುಗಳಿಗಾಗಿ ಮಾತ್ರವಲ್ಲದೆ ಸಮಸ್ತ ಜನರ ತಪ್ಪುಗಳಿಗಾಗಿ ಕ್ಷಮೆ ಬೇಡಿ, ನಾಡಿಗೆ ಶಾಂತಿಯನ್ನೂ ಬೆಳೆಯ ಸಮೃದ್ಧಿಯನ್ನೂ ಕೋರುತ್ತಾರೆ.

ಇದರ ಸಿದ್ಧತೆ ಬಹು ಮೊದಲೇ ಆರಂಭವಾಗುತ್ತದೆ. ಹನ್ನೊಂದು ಮಂದಿಯ ಹೆಸರುಗಳನ್ನು ಡಿಸೆಂಬರ್ 16ರಂದು ಪ್ರಕಟಿಸುತ್ತಾರೆ. ಫೆಬ್ರವರಿ 20ರ ವೇಳೆಗೆ ಅವರು ಎಲ್ಲರಿಂದ ಬೇರೆಯಾಗಿ ವಾಸಿಸತೊಡಗುತ್ತಾರೆ. ಅಡುಗೆಯ ಬೆಂಕಿಯೂ ಬೇರೆ. ಕಾಗದದಿಂದ ಮಾಡಿದ ಉಡುಪನ್ನು ಧರಿಸಿ, ದೇವರಿಗೆ ಅರ್ಪಿಸಲು ಕಾಗದದ ಕೆಂಪು ಬಿಳಿ ಹೂಗಳನ್ನು ತಾವೇ ಮಾಡುತ್ತಾರೆ. ಮಾರ್ಚ್ ಬಂದಿತೆಂದರೆ, ಪ್ರತಿ ಸಂಜೆ ಭಿಕ್ಷುಗಳಿಗೆ ದಾರಿ ತೋರುವ ದೊಡ್ಡ ಪಂಜುಗಳು ಮೆಟ್ಟಿಲೇರುತ್ತವೆ. ಪಂಜು ಹೊತ್ತವರು ಮಂದಿರದ ಎತ್ತರದ ಮೊಗಸಾಲೆಯಲ್ಲಿ ಅದನ್ನು ತಿರುಗಿಸುತ್ತಾ ಓಡುತ್ತಾರೆ; ಕಿಡಿಗಳು ಕೆಳಗೆ ಮಳೆಗರೆಯುತ್ತವೆ. ಜನರು ಆ ಕರಿಯ ಚೂರುಗಳನ್ನು ಆಯ್ದು, ವರ್ಷವಿಡೀ ರಕ್ಷೆಯೆಂದು ಮನೆಯಲ್ಲಿಡುತ್ತಾರೆ. ಕೊಂಡದ ಬೂದಿಯನ್ನು ಹಣೆಗೆ ಹಚ್ಚಿಕೊಳ್ಳುವ ಹಳೆಯ ಮೈಸೂರು ಸೀಮೆಯವರಿಗೆ ಇದರ ಭಾವ ಕೂಡಲೇ ತಿಳಿಯುತ್ತದೆ.

12ರ ರಾತ್ರಿಯ ಪಂಜುಗಳು ಎಲ್ಲಕ್ಕಿಂತ ದೊಡ್ಡವು. ಉದ್ದ ಸುಮಾರು 8 ಮೀಟರ್, ತೂಕ 70 ಕಿಲೋಗ್ರಾಮಿನಷ್ಟು. ಅಂದು ನಡುರಾತ್ರಿ ಕಳೆದ ಮೇಲೆ ಭಿಕ್ಷುಗಳು ಮಂದಿರದ ಕೆಳಗಿರುವ ಬಾವಿಗೆ ಹೋಗಿ ನೀರನ್ನು ಸೇದುತ್ತಾರೆ. ಇದರಿಂದಲೇ ಈ ಆಚರಣೆಗೆ ನೀರು ಸೇದುವುದು ಎಂಬ ಅರ್ಥದ ಓಮಿಜುತೋರಿ ಎಂಬ ಹೆಸರು ರೂಢಿಯಾಗಿದೆ. ದೂರದ ವಕಾಸಾ ಸೀಮೆಯಿಂದ ಆ ನೀರು ನೆಲದೊಳಗೆ ಹರಿದು ಬರುತ್ತದೆಂದು ಪ್ರತೀತಿ. ಆ ಸೀಮೆಯವರು ಮಾರ್ಚ್ 2ರಂದು ನದಿಯ ದಂಡೆಯಲ್ಲಿ ನೀರನ್ನು ಕಳುಹಿಸಿಕೊಡುವ ವಿಧಿಯನ್ನು ತಪ್ಪದೆ ನಡೆಸುತ್ತಾರೆ. ಒಂದೂರು ಕಳುಹಿಸುತ್ತದೆ, ಇನ್ನೊಂದೂರು ಬರಮಾಡಿಕೊಳ್ಳುತ್ತದೆ. ಓಮಿಜುತೋರಿ ಮುಗಿಯದೆ ಚಳಿ ಹೋಗದೆಂದು ಅಲ್ಲಿಯ ಜನ ಹೇಳುತ್ತಾರೆ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆಂದು ಕನ್ನಡಿಗರು ಹೇಳುವುದೂ ಇಂಥದೇ ಮಾತು.

ಈ ಆಚರಣೆ 752ರಲ್ಲಿ, ಮಹಾಬುದ್ಧನ ಕಣ್ಣು ತೆರೆದ ವರ್ಷದಲ್ಲಿಯೇ, ಆರಂಭವಾಯಿತು. ಅಂದಿನಿಂದ ಒಂದು ವರ್ಷವೂ ತಪ್ಪಿಲ್ಲವೆಂಬುದು ಇದರ ವೈಶಿಷ್ಟ್ಯ. ಮಹಾಬುದ್ಧನ ಮಂದಿರ ಎರಡು ಸಲ ಸುಟ್ಟಾಗಲೂ ಇದು ನಿಲ್ಲಲಿಲ್ಲ. 1667ರಲ್ಲಿ ಆಚರಣೆಯ ದಿನಗಳಲ್ಲಿಯೇ ನಿಗತ್ಸುದೋ ಬೆಂಕಿಗೆ ಆಹುತಿಯಾಯಿತು. ಎರಡು ವರ್ಷಗಳಲ್ಲಿ ಅದನ್ನು ಮತ್ತೆ ಕಟ್ಟಿದರು, ವ್ರತ ಮಾತ್ರ ಮುರಿಯಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿಯೂ ನಡೆಯಿತು. ಸಾಂಕ್ರಾಮಿಕ ರೋಗವು ಜಗತ್ತನ್ನು ಕಾಡಿದ 2021ರಲ್ಲಿ ಪ್ರೇಕ್ಷಕರನ್ನು ನಿರ್ಬಂಧಿಸಿದರು. ಭಿಕ್ಷುಗಳು ಮುಂಚಿತವಾಗಿಯೇ ಪ್ರತ್ಯೇಕವಾಗಿದ್ದು 1270ನೆಯ ಸಲದ ಆಚರಣೆಯನ್ನು ಪೂರೈಸಿದರು. ಸುಡುವ ಮರದ ನಗರ ಉಳಿದ ಬಗೆ ಇದು: ಕಟ್ಟಡ ಹೋದರೂ, ಅದನ್ನು ಮತ್ತೆ ಕಟ್ಟಲೇಬೇಕಾದ ಕಾರಣವು ಜನರ ನಡುವೆ ಉಳಿದಿತ್ತು.

ತೋದಾಯ್‌ಜಿಯ ಹಿಂಬದಿಯಲ್ಲಿ ಶೋಸೋ-ಇನ್ ಎಂಬ ಮರದ ಭಂಡಾರವಿದೆ. ಶೋಮುವಿನ ಮರಣಾನಂತರ, 756ರಲ್ಲಿ, ಆತನ ರಾಣಿ ಅರ್ಪಿಸಿದ ವಸ್ತುಗಳೇ ಅದರ ಮೂಲಧನ. ನೇತ್ರೋನ್ಮೀಲನದ ಕುಂಚವೂ ಆ ನೀಲಿಯ ಹಗ್ಗವೂ ಇಂದಿಗೂ ಆ ಸಂಗ್ರಹದಲ್ಲಿವೆ. ರೇಷ್ಮೆಯ ನೂಲು ಹನ್ನೆರಡು ಶತಮಾನಗಳಿಗೂ ಹೆಚ್ಚು ಕಾಲ ಬಾಳಬಲ್ಲುದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಈ ವಸ್ತುಗಳಲ್ಲಿ ಕೆಲವನ್ನು ಶರತ್ಕಾಲದಲ್ಲಿ ಮಾತ್ರ ನಾರಾದ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶಿಸುವುದರಿಂದ, ಚಳಿಗಾಲದ ಯಾತ್ರಿಕರು ಭಂಡಾರದ ಹೊರನೋಟದಿಂದಲೇ ತೃಪ್ತರಾಗಬೇಕು.

ನಾರಾಕ್ಕೆ ಹೋಗುವವರು ದಪ್ಪನೆಯ ಉಣ್ಣೆಯುಡುಪನ್ನು ಒಯ್ಯಬೇಕು. ಪಂಜಿನ ವೇಳೆಗಿಂತ ಗಂಟೆಗಳ ಮೊದಲೇ ಬಯಲಿನಲ್ಲಿ ನಿಲ್ಲಬೇಕಾಗುತ್ತದೆ. 12ರಂದು ಜನಸಂದಣಿ ವಿಪರೀತ. ನೋಡುವುದಷ್ಟೇ ಉದ್ದೇಶವಾದರೆ ಮೊದಲ ವಾರದ ಸಂಜೆಗಳು ಲೇಸು. ಪಂಜುಗಳು ಆರಿದೊಡನೆ ಹೆಚ್ಚಿನವರು ಹಿಂದಿರುಗುತ್ತಾರೆ. ನಿಜವಾದ ಪೂಜೆ ಆರಂಭವಾಗುವುದು ಆಗ. ಮೌನದಿಂದ ನಿಂತು ಕಾಯುವವರಿಗೆ ಒಳಗಿನ ಮಂತ್ರಘೋಷವೂ ಮರದ ಪಾದರಕ್ಷೆಗಳ ಸಪ್ಪಳವೂ ಕೇಳಿಸುತ್ತವೆ.

ಇಷ್ಟನ್ನು ಕಾಪಾಡಿಕೊಂಡ ಜಪಾನು ಎಲ್ಲವನ್ನೂ ಕಾಪಾಡಿಕೊಂಡಿತೆಂದು ಭಾವಿಸಬಾರದು. 1930ರ ಸುಮಾರಿಗೆ ಆ ದೇಶದಲ್ಲಿ 20 ಲಕ್ಷಕ್ಕೂ ಹೆಚ್ಚು ಕುಟುಂಬಗಳು ರೇಷ್ಮೆಹುಳು ಸಾಕುತ್ತಿದ್ದವು. ಇಂದು ಅವುಗಳ ಸಂಖ್ಯೆ ಇನ್ನೂರನ್ನೂ ಮುಟ್ಟುವುದಿಲ್ಲ. ನೂಲಿನ ಬೆಲೆ ಇಳಿಯಿತು, ಕೃತಕ ಎಳೆ ಬಂದಿತು, ಮಕ್ಕಳು ನಗರ ಸೇರಿದರು. ಕರ್ನಾಟಕಕ್ಕೆ ಹುಳುವಿನ ತಳಿಯನ್ನೂ ವಿದ್ಯೆಯನ್ನೂ ಕೊಟ್ಟ ನಾಡಿನಲ್ಲಿ ಆ ವಿದ್ಯೆ ಒಂದೇ ಶತಮಾನದೊಳಗೆ ಸೊರಗಿತು. ವರ್ಷವರ್ಷವೂ ಹನ್ನೊಂದು ಹೆಸರುಗಳನ್ನು ಕರೆದು ಹೊಣೆ ಹೊರಿಸಿದ ಕಾರ್ಯ ಉಳಿಯಿತು. ಮುಂದಿನವರ ಹೆಸರು ಕರೆಯಲಾಗದ ಕಸುಬು ಕ್ಷೀಣಿಸಿತು.

ಏಷ್ಯಾದಲ್ಲಿಯೇ ದೊಡ್ಡದೆಂದು ಹೆಸರಾದ ರೇಷ್ಮೆಗೂಡಿನ ಮಾರುಕಟ್ಟೆಯ ನೆರಳಿನಲ್ಲಿ ಬೆಳೆಯುವ ಕೂಟಗಲ್ ಸುತ್ತಿನ ಮಕ್ಕಳು ನಾರಾದಿಂದ ಕಲಿಯಬೇಕಾದದ್ದು ಇದನ್ನೇ. ಹಿಪ್ಪುನೇರಳೆಯ ತೋಟ, ನೂಲು ತೆಗೆಯುವ ಕೈ, ಚನ್ನಪಟ್ಟಣದ ಅರಗಿನ ಬೊಂಬೆಯ ಕಸುಬು ಇವು ಯಾವುವೂ ಬಂಡೆಯಂತೆ ತಾವಾಗಿಯೇ ನಿಲ್ಲುವಂಥವಲ್ಲ. ನಾರಾದ ಮಂದಿರದಂತೆ ಅವೆಲ್ಲ ಮರದವು. ಪ್ರತಿ ತಲೆಮಾರಿನವರೂ ಮುಂದಿನವರ ಹೆಸರು ಕರೆದು ಒಪ್ಪಿಸಬೇಕಾದವು.