ಹಿರೇಬೆಣಕಲ್ಲಿನ ಕಲ್ಲಿನ ಮನೆಗಳಲ್ಲಿ ಮೂರಡಿ ಎತ್ತರದ ‘ಮೋರೇರು’ ಇದ್ದರೇ? ನಿಜ ಇಷ್ಟು

“ಕೊಪ್ಪಳದ ಬೆಟ್ಟದಲ್ಲಿ ಕಲ್ಲಿನಿಂದ ಹುಟ್ಟಿದ ಕುಬ್ಜ ಜನಾಂಗವಿತ್ತು. ಮೂರೇ ಅಡಿ ಎತ್ತರ, ಆದರೆ ಆನೆಯಷ್ಟು ಬಲ. ಅವರ ಮನೆಗಳು ಇಂದಿಗೂ ಇವೆ, ಒಳಗೆ ಬಂಗಾರವಿದೆ. ಎಲ್ಲರಿಗೂ ಶೇರ್ ಮಾಡಿ.” ಗದಗ, ಕುರ್ತಕೋಟಿ, ಮುಂಡರಗಿ ಕಡೆಯ ಗ್ರೂಪ್‌ಗಳಲ್ಲಿರುವವರಿಗೆ ಈ ಧಾಟಿಯ ಸಂದೇಶ ಹೊಸದಲ್ಲ. ಜೊತೆಗೆ ಒಂದು ಫೋಟೊ ಇರುತ್ತದೆ: ಬಂಡೆಯ ಮೇಲೆ ನಾಲ್ಕು ಕಲ್ಲು ಚಪ್ಪಡಿಗಳ ಪುಟ್ಟ ಕೋಣೆ, ಮುಂದೆ ಒಂದು ದುಂಡನೆಯ ಕಿಂಡಿ.

ಫೋಟೊ ಬಹುತೇಕ ಸಲ ಅಸಲಿಯೇ. ಗಂಗಾವತಿಯಿಂದ ಸುಮಾರು 10 ಕಿ.ಮೀ. ದೂರದ ಹಿರೇಬೆಣಕಲ್ ಊರಿನ ಬೆಟ್ಟದ ಮೇಲೆ ಇಂತಹ ಸುಮಾರು 400 ರಚನೆಗಳಿವೆ. ಸುತ್ತಲಿನವರು ಇವನ್ನು ಮೋರೇರ ಮನೆ, ಮೌರ್ಯರ ಮನೆ ಎನ್ನುತ್ತಾರೆ. ಮೋರೇರು ಗಿಡ್ಡ ಜನ, ಗಟ್ಟಿ ಜನ ಎಂಬ ಕತೆ ಹಳೆಯದು, ವಾಟ್ಸ್‌ಆ್ಯಪ್ ಹುಟ್ಟಿಸಿದ್ದಲ್ಲ. 19ನೇ ಶತಮಾನದಲ್ಲಿ ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಈ ಭಾಗದ ಇಂತಹ ಕಲ್ಲು ಕೋಣೆಗಳ ಬಗ್ಗೆ ಬರೆದಾಗಲೇ ‘ಮೋರಿ’ಗಳ ಹೆಸರು ಚಾಲ್ತಿಯಲ್ಲಿತ್ತು.

ಕತೆ ಹುಟ್ಟಿದ್ದು ಹೇಗೆ ಎಂದು ಊಹಿಸುವುದು ಕಷ್ಟವಲ್ಲ. ಮನೆಯಂತೆ ಕಾಣುತ್ತದೆ, ಕಿಂಡಿ ಬಾಗಿಲಿನಂತೆ ಕಾಣುತ್ತದೆ. ಆದರೆ ದೊಡ್ಡವರು ಆ ಕಿಂಡಿಯಲ್ಲಿ ಸಲೀಸಾಗಿ ನುಗ್ಗಲಾರರು. ಹಾಗಾದರೆ ಒಳಗಿದ್ದವರು ಗಿಡ್ಡರೇ ಇರಬೇಕು. ಅಷ್ಟು ಭಾರದ ಚಪ್ಪಡಿ ಎತ್ತಿದ್ದಾರೆ, ಹಾಗಾದರೆ ಬಲಿಷ್ಠರೂ ಇರಬೇಕು. ತರ್ಕ ಸರಿಯಾಗಿಯೇ ಇದೆ. ಎಡವಟ್ಟು ಆಗಿರುವುದು ಮೊದಲ ಹೆಜ್ಜೆಯಲ್ಲಿ: ಇವು ವಾಸದ ಮನೆಗಳೇ ಅಲ್ಲ.

ಪುರಾತತ್ವಜ್ಞರು ಇವನ್ನು ಬೃಹತ್ ಶಿಲಾ ಸಂಸ್ಕೃತಿಯ ಸಮಾಧಿ ಮತ್ತು ಸ್ಮಾರಕಗಳು ಎಂದು ಗುರುತಿಸಿದ್ದಾರೆ. ಕಾಲ ಸ್ಥೂಲವಾಗಿ ಕ್ರಿ.ಪೂ. 800ರಿಂದ ಕ್ರಿ.ಪೂ. 200, ಅಂದರೆ ಕಬ್ಬಿಣದ ಯುಗ. ಇದೇ ಸಂಸ್ಕೃತಿಯ ಸಮಾಧಿಗಳನ್ನು 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆಸಿದರು. ಸಿಕ್ಕಿದ್ದು ಮೂಳೆ, ಕಪ್ಪು-ಕೆಂಪು ಮಡಕೆ, ಕಬ್ಬಿಣದ ಸಲಕರಣೆ. ದಕ್ಷಿಣ ಭಾರತದ ಇಂತಹ ಸಮಾಧಿಗಳಲ್ಲಿ ಸಿಕ್ಕಿರುವ ಮೂಳೆಗಳು ನಮ್ಮ ನಿಮ್ಮಂಥ ಸಾಮಾನ್ಯ ಎತ್ತರದ ಮನುಷ್ಯರವೇ. ಕುಬ್ಜ ಜನಾಂಗದ ಅಸ್ಥಿ ಎಲ್ಲೂ ಸಿಕ್ಕಿಲ್ಲ.

ಇನ್ನು ಬಲದ ಪ್ರಶ್ನೆ. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ, ಹತ್ತು ಸೆಂ.ಮೀ. ದಪ್ಪದ ಗ್ರಾನೈಟ್ ಚಪ್ಪಡಿ ಎಂದುಕೊಳ್ಳಿ. ಒಂದು ಘನ ಮೀಟರ್ ಗ್ರಾನೈಟ್ ಸುಮಾರು 2,700 ಕೆ.ಜಿ. ತೂಗುತ್ತದೆ. ಲೆಕ್ಕ ಹಾಕಿದರೆ ಈ ಚಪ್ಪಡಿ 1,080 ಕೆ.ಜಿ. ಇಪ್ಪತ್ತು ಜನ ಹಿಡಿದರೆ ತಲೆಗೆ 54 ಕೆ.ಜಿ. ಗದಗ ಎಪಿಎಂಸಿಯ ಹಮಾಲರು ಕೇಳಿದರೆ ನಕ್ಕಾರು. ಅದರಲ್ಲೂ ಪೂರ್ತಿ ಎತ್ತಬೇಕಾಗಿಲ್ಲ. ಹಾರೆ, ಹಗ್ಗ, ಮರದ ದಿಮ್ಮಿ ಇದ್ದರೆ ಮೀಟಿ, ಉರುಳಿಸಿ ಸಾಗಿಸಬಹುದು. ಕಲ್ಲನ್ನು ದೂರದಿಂದ ತರುವ ಗೋಜೂ ಇರಲಿಲ್ಲ. ಆ ಬೆಟ್ಟದ ಗ್ರಾನೈಟ್ ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಬಿಟ್ಟುಕೊಳ್ಳುವ ಜಾತಿಯದು. ಬಿಸಿಲು-ಚಳಿಗೆ ಹಿಗ್ಗಿ ಕುಗ್ಗಿ ಮೇಲಿನ ಪದರ ಸಡಿಲವಾಗುತ್ತದೆ, ಬಿರುಕಿಗೆ ಬೆಣೆ ಬಡಿದರೆ ಚಪ್ಪಡಿ ಎದ್ದು ಬರುತ್ತದೆ. ಕಲ್ಲು ತೆಗೆದ ಜಾಗಗಳು ಸ್ಮಾರಕಗಳ ಪಕ್ಕದಲ್ಲೇ ಇವೆ. (ಕುರ್ತಕೋಟಿ ಸುತ್ತಿನ ಎರೆ ಹೊಲದಲ್ಲಿ ಇಂತಹದ್ದು ಕಟ್ಟಬೇಕಿದ್ದರೆ ಮಾತ್ರ ನಿಜಕ್ಕೂ ಪವಾಡವೇ ಬೇಕಿತ್ತು!)

‘ಮೋರೇರು’ ಅಂದರೆ ಅಶೋಕನ ಮೌರ್ಯರೇ? ಕೊಪ್ಪಳದ ಗವಿಮಠ, ಪಾಲ್ಕಿಗುಂಡು, ರಾಯಚೂರು ಜಿಲ್ಲೆಯ ಮಸ್ಕಿ, ಎಲ್ಲ ಕಡೆ ಅಶೋಕನ ಶಾಸನಗಳಿರುವುದರಿಂದ ಈ ಅನುಮಾನ ಸಹಜ. ಆದರೆ ಮೌರ್ಯ ಸಾಮ್ರಾಜ್ಯ ಶುರುವಾದದ್ದು ಕ್ರಿ.ಪೂ. 321ರ ಸುಮಾರಿಗೆ. ಬೆಟ್ಟದ ಮೇಲಿನ ಕೆಲಸ ಅದಕ್ಕೂ ಕೆಲವು ಶತಮಾನ ಮೊದಲೇ ಆರಂಭವಾಗಿತ್ತು. ಕಟ್ಟಿದವರು ಯಾರೆಂದು ಮರೆತುಹೋದ ಮೇಲೆ ಜನ ತಮಗೆ ಗೊತ್ತಿದ್ದ ದೊಡ್ಡ ಹೆಸರು ಅಂಟಿಸುವುದು ಎಲ್ಲೆಡೆ ಇದೆ. ಇಂಥವೇ ಸಮಾಧಿಗಳು ಬೇರೆ ಕಡೆ ಪಾಂಡವರ ಹೆಸರಿನಲ್ಲಿವೆ.

ಮಣ್ಣು-ಕಲ್ಲಿನಿಂದ ಹುಟ್ಟಿದ ಗಿಡ್ಡ ಜನರ ಕಲ್ಪನೆಯೂ ನಮ್ಮೊಬ್ಬರದ್ದಲ್ಲ. ಯುರೋಪಿನಲ್ಲಿ 16ನೇ ಶತಮಾನದ ವೈದ್ಯ ಪ್ಯಾರಾಸೆಲ್ಸಸ್, ನೀರಲ್ಲಿ ಮೀನು ಓಡಾಡಿದಂತೆ ಭೂಮಿಯೊಳಗೆ ಓಡಾಡುವ ಪುಟ್ಟ ಜೀವಿಗಳ ಬಗ್ಗೆ ಬರೆದ. ಇಂದಿನ ಫ್ಯಾಂಟಸಿ ಆಟಗಳಲ್ಲಿ ಭೂತತ್ವದಿಂದ ಹುಟ್ಟಿದ ಕಲ್ಲುಮೈಯ ಜನ ಬರುವುದೂ ಇದೇ ಜಾಡಿನಲ್ಲಿ. ಮೊಬೈಲಿನಲ್ಲಿ ಅಂತಹ ಚಿತ್ರ ಕಂಡರೆ ಅದು ಆಟದ್ದೋ, ಎಐ ಮಾಡಿದ್ದೋ ಎಂದು ಮೊದಲು ನೋಡಿ.

“ಮೂರಡಿ ಮನುಷ್ಯರು ನಿಜವಾಗಿಯೂ ಇದ್ದರಲ್ಲ, ವಿಜ್ಞಾನಿಗಳೇ ಹೇಳಿದ್ದಾರೆ” ಎಂದು ಕೆಲವರು ವಾದಿಸುತ್ತಾರೆ. ಅರ್ಧ ನಿಜ. ಇಂಡೋನೇಷ್ಯಾದ ಫ್ಲೋರೆಸ್ ದ್ವೀಪದ ಗುಹೆಯೊಂದರಲ್ಲಿ 2003ರಲ್ಲಿ ಸುಮಾರು 106 ಸೆಂ.ಮೀ. ಎತ್ತರದ ಪ್ರಾಚೀನ ಮಾನವ ಪ್ರಭೇದದ ಅಸ್ಥಿ ಸಿಕ್ಕಿತು. ಅವರು 50 ಸಾವಿರ ವರ್ಷಕ್ಕೂ ಹಿಂದಿನವರು, ಭಾರತದಲ್ಲಿ ಅವರ ಕುರುಹಿಲ್ಲ. ಹಿರೇಬೆಣಕಲ್ಲಿಗೂ ಅವರಿಗೂ ಸಂಬಂಧ ಕಟ್ಟಲು ಬರುವುದಿಲ್ಲ.

ಕುಬ್ಜರ ಕತೆ ಹೇಳಿಕೊಂಡರೆ ಯಾರಿಗೂ ನಷ್ಟವಿಲ್ಲ, ಅಜ್ಜಿಯರು ಹೇಳಲಿ, ಮಕ್ಕಳು ಕೇಳಲಿ. ನಷ್ಟ ಇರುವುದು ಸಂದೇಶದ ಕೊನೆಯ ಸಾಲಿನಲ್ಲಿ, “ಒಳಗೆ ಬಂಗಾರವಿದೆ” ಎಂಬಲ್ಲಿ. ನಿಧಿಗಳ್ಳರು ಈ ಬೆಟ್ಟದ ಎಷ್ಟೋ ಕೋಣೆಗಳನ್ನು ಕೆಡವಿದ್ದಾರೆ, ಚಪ್ಪಡಿ ಒಡೆದಿದ್ದಾರೆ. ಇಲ್ಲಿನ ಬಹಳಷ್ಟು ಕೋಣೆಗಳು ಬರಿ ಬಂಡೆಯ ಮೇಲೆ ನಿಂತಿವೆ, ಅಡಿಯಲ್ಲಿ ಹೂಳಲು ಮಣ್ಣೇ ಇಲ್ಲ. ಎರಡು ಸಾವಿರಕ್ಕೂ ಹೆಚ್ಚು ವರ್ಷ ಗಾಳಿ-ಮಳೆಗೆ ಜಗ್ಗದೆ ನಿಂತದ್ದು ಒಂದು ರಾತ್ರಿಯಲ್ಲಿ ಬೀಳುತ್ತದೆ. 2021ರಲ್ಲಿ ಹಿರೇಬೆಣಕಲ್ ಯುನೆಸ್ಕೋ ವಿಶ್ವ ಪರಂಪರೆಯ ಸಂಭಾವ್ಯ ಪಟ್ಟಿಗೆ ಸೇರಿದೆ. ಅಂತಿಮ ಪಟ್ಟಿಗೆ ಹೋಗುವಾಗ ತೋರಿಸಲು ಕಲ್ಲುಗಳು ನಿಂತಿರಬೇಕಲ್ಲ! ಹಾಗಾಗಿ ನಿಮ್ಮ ಗ್ರೂಪಿಗೆ ಆ ಸಂದೇಶ ಬಂದರೆ ಕನಿಷ್ಠ ಬಂಗಾರದ ಸಾಲನ್ನಾದರೂ ಮುಂದಕ್ಕೆ ಕಳಿಸಬೇಡಿ.

ಖುದ್ದಾಗಿ ನೋಡುವ ಮನಸ್ಸಿದ್ದರೆ ಗದಗದಿಂದ ಕೊಪ್ಪಳದ ಮೇಲೆ ಗಂಗಾವತಿ ರಸ್ತೆ ಹಿಡಿಯಿರಿ. ಬಿಸಿಲೇರುವ ಮೊದಲೇ ಬೆಟ್ಟ ಹತ್ತಿ, ನೀರು ಜೊತೆಗಿರಲಿ. ಮೇಲೆ ನಗಾರಿಯಾಕಾರದ ದೊಡ್ಡ ಗುಂಡೊಂದಿದೆ, ಬಡಿದರೆ ದೂರದವರೆಗೂ ಕೇಳಿಸುತ್ತದೆ. ಆದರೆ ಅದನ್ನು ಬಡಿದು ನೋಡುವ ಕೆಲಸ ಈಗಾಗಲೇ ಸಾಕಷ್ಟು ಜನ ಮಾಡಿದ್ದಾರೆ, ನೀವು ಬಿಡಿ.