ಉಪ್ಪಿಗೆ ಮಣಿಯದ ಮೆರುಗು

ಕಾರವಾರ, ಅಂಕೋಲಾ ಸೀಮೆಯ ಹಳೆಯ ಮನೆಗಳಲ್ಲಿ ಮಾವಿನ ಮಿಡಿ ಬಿಡುವ ಕಾಲಕ್ಕೆ ಅಟ್ಟದಿಂದ ಕೆಳಗಿಳಿಯುತ್ತಿದ್ದ ಪಾತ್ರೆಯೆಂದರೆ ಭರಣಿ. ಮೇಲರ್ಧ ಕಂದು, ಕೆಳಗೆ ಹಾಲುಬಿಳುಪು, ಮೈಯೆಲ್ಲ ಹೊಳಪು. ತೊಳೆದು ಬಿಸಿಲಿಗಿಟ್ಟು, ಮಿಡಿ ಮತ್ತು ಉಪ್ಪು ತುಂಬಿ, ಬಾಯಿಗೆ ಬಟ್ಟೆ ಕಟ್ಟಿದರೆ ಮುಂದಿನ ವರ್ಷದವರೆಗೆ ಚಿಂತೆಯಿಲ್ಲ. ಪ್ಲಾಸ್ಟಿಕ್ ಡಬ್ಬಿಗಳು ಬಂದ ಮೇಲೆ ಎಷ್ಟೋ ಭರಣಿಗಳು ಗುಜರಿಗೆ ಹೋದವು. ಕೆಲವು ಪಡಸಾಲೆಗೆ ಬಂದು ಹೂದಾನಿಗಳಾದವು. ಅಡುಗೆಮನೆಯ ಭರಣಿಯೂ ಶ್ರೀಮಂತರ ಮನೆಯ ಅಲಂಕಾರದ ಹೂದಾನಿಯೂ ನಂಟರೇ. ಎರಡನ್ನೂ ಬೆಸೆದಿರುವುದು ಮಣ್ಣಿನ ಮೇಲಿನ ತೆಳುವಾದ ಗಾಜಿನ ಪದರ, ಅಂದರೆ ಮೆರುಗು.

ಈ ಪದರ ಏಕೆ ಬೇಕಾಯಿತು ಎಂಬುದನ್ನು ತಿಳಿಯಲು ಸಾಮಾನ್ಯ ಮಡಕೆಯನ್ನು ನೋಡಬೇಕು. ಈ ಕರಾವಳಿಯಲ್ಲಿ ಮಡಕೆ ಮಾಡುವವರು ಗುನಗರು. ಅನೇಕ ಊರುಗಳಲ್ಲಿ ಗ್ರಾಮದೇವತೆಯ ಪೂಜೆಯೂ ಅವರದೇ. ಅವರ ಆವಿಗೆಯಲ್ಲಿ ಬೆಂದ ಮಡಕೆಯ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಅವುಗಳಿಂದ ಜಿನುಗಿದ ನೀರು ಆವಿಯಾಗುವುದರಿಂದಲೇ ಬೇಸಿಗೆಯಲ್ಲಿ ಮಡಕೆಯ ನೀರು ತಂಪು. ಆದರೆ ನೀರಿಗೆ ವರವಾದ ಈ ಗುಣ ಉಪ್ಪಿನಕಾಯಿಗೆ ಶಾಪ. ಉಪ್ಪುನೀರು ಜಿನುಗಿ ಒಣಗಿದಾಗ ರಂಧ್ರಗಳಲ್ಲಿ ಉಪ್ಪಿನ ಹರಳುಗಳು ಬೆಳೆದು ಮಡಕೆಯ ಮೈಯನ್ನೇ ಸಿಪ್ಪೆಯಂತೆ ಉದುರಿಸುತ್ತವೆ. ತಾಮ್ರ, ಹಿತ್ತಾಳೆಗಳಲ್ಲಿಟ್ಟರೆ ಹುಳಿ ತಾಗಿ ಕಿಲುಬು ಹಿಡಿಯುತ್ತದೆ.

ಮೆರುಗಿನ ಮೂಲದ್ರವ್ಯ ಮರಳಿನಲ್ಲಿರುವ ಸಿಲಿಕ. ಅದೊಂದೇ ಆದರೆ ಕರಗಲು ಸುಮಾರು 1700 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಬೂದಿ, ಸುಣ್ಣ, ಕ್ಷಾರಗಳಂಥ ವಸ್ತುಗಳನ್ನು ಬೆರೆಸಿದರೆ ಬಹಳ ಕಡಿಮೆ ಶಾಖದಲ್ಲೇ ಕರಗುತ್ತದೆ. ಜೇಡಿಮಣ್ಣು ಸೇರಿಸಿದರೆ ಕರಗಿದ್ದು ಪಾತ್ರೆಯಿಂದ ಇಳಿದು ಹೋಗದೆ ಅಂಟಿಕೊಳ್ಳುತ್ತದೆ. ಗಟ್ಟಿ ಭರಣಿಗಳು ಸುಮಾರು 1200 ಡಿಗ್ರಿಗೂ ಮೇಲೆ ಬೇಯುತ್ತವೆ. ಆಗ ಒಳಗಿನ ಮಣ್ಣೂ ಬಿಗಿದುಕೊಂಡು ರಂಧ್ರ ಮುಚ್ಚುತ್ತದೆ. ಬಣ್ಣ ಕೊಡುವುದು ಲೋಹಗಳು: ಕೋಬಾಲ್ಟಿನಿಂದ ನೀಲಿ, ಕಬ್ಬಿಣದಿಂದ ಕಂದು. ಅದೇ ಕಬ್ಬಿಣದ ಅಂಶ ಸ್ವಲ್ಪವೇ ಇದ್ದು, ಆವಿಗೆಯೊಳಗೆ ಗಾಳಿ ಕಡಿಮೆಯಾದರೆ ಚೀನೀಯರ ಪ್ರಸಿದ್ಧ ತಿಳಿಹಸಿರು ಮೂಡುತ್ತದೆ.

ಉಪ್ಪನ್ನು ತಡೆಯುವ ಮೆರುಗನ್ನು ಉಪ್ಪಿನಿಂದಲೇ ಪಡೆಯುವ ವಿಧಾನವೂ ಉಂಟು. ಜರ್ಮನಿಯ ರೈನ್ ನದಿ ಸೀಮೆಯ ಕುಂಬಾರರು ಆವಿಗೆ ಕೆಂಪೇರಿ ಉರಿಯುವಾಗ ಅದರೊಳಕ್ಕೆ ಅಡುಗೆ ಉಪ್ಪನ್ನೇ ಎರಚುತ್ತಿದ್ದರು. ಉಪ್ಪು ಆವಿಯಾಗಿ, ಅದರ ಸೋಡಿಯಂ ಮಣ್ಣಿನ ಸಿಲಿಕದೊಡನೆ ಸೇರಿ ಗಾಜಾಗುತ್ತಿತ್ತು. ನಗರಗಳ ಹಳೆಯ ಒಳಚರಂಡಿಯ ಹೊಳೆಯುವ ಕಂದು ಕೊಳವೆಗಳಿಗೂ ಇದೇ ಮೆರುಗು. ಸಾಣಿಕಟ್ಟೆಯ ಗದ್ದೆಗಳಲ್ಲಿ ಉಪ್ಪು ಬೆಳೆಯುವ, 1930ರ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾನೂನನ್ನೇ ಮುರಿದ ಜಿಲ್ಲೆಗೆ ಉಪ್ಪಿನ ಈ ಇನ್ನೊಂದು ಮುಖ ಸ್ವಾರಸ್ಯಕರವೇ.

ಮೆರುಗಿನ ಭರಣಿ ಸಮುದ್ರದ ದಾರಿಯಲ್ಲಿ ಸುತ್ತಾಡಿದ ವಸ್ತು. ಹಿಂದಿ, ಉರ್ದುಗಳಲ್ಲಿ ಅದಕ್ಕಿರುವ ‘ಮರ್ತಬಾನ್’ ಎಂಬ ಹೆಸರು ಬರ್ಮಾದ ಮರ್ತಬಾನ್ ಬಂದರಿನದು. ಚೀನಾ, ಸಯಾಂ, ಬರ್ಮಾಗಳ ದೊಡ್ಡ ಜಾಡಿಗಳು ನೀರು, ಎಣ್ಣೆ ತುಂಬಿಕೊಂಡು ಹಡಗೇರುತ್ತಿದ್ದವು. 14ನೆಯ ಶತಮಾನದಲ್ಲಿ ಹೊನ್ನಾವರವನ್ನೂ ಕಂಡಿದ್ದ ಯಾತ್ರಿಕ ಇಬ್ನ್ ಬತೂತ, ಪೂರ್ವ ಸಮುದ್ರದ ಒಂದು ನಾಡಿನಲ್ಲಿ ತನಗೆ ಉಡುಗೊರೆಯಾಗಿ ಬಂದ ಮರ್ತಬಾನ್‌ಗಳಲ್ಲಿ ಉಪ್ಪಿಗೆ ಹಾಕಿದ ಶುಂಠಿ, ಮೆಣಸು, ನಿಂಬೆ, ಮಾವು ಇದ್ದವೆಂದು ಬರೆದಿದ್ದಾನೆ. 1638ರಲ್ಲಿ ಇಂಗ್ಲಿಷರು ಕೋಠಿ ತೆರೆದ ಕಾರವಾರವೂ ಮೆಣಸಿನ ವ್ಯಾಪಾರದ ಮೂಲಕ ಇದೇ ಸಮುದ್ರಕ್ಕೆ ತೆರೆದುಕೊಂಡ ಊರು.

1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತು. 1870ರ ದಶಕದಲ್ಲಿ ಆ ಮುಂಬಯಿಯಲ್ಲಿ, ಜೆ. ಜೆ. ಕಲಾಶಾಲೆಯ ಮೇಲ್ವಿಚಾರಕ ಜಾರ್ಜ್ ವಿಲ್ಕಿನ್ಸ್ ಟೆರಿ ಸಿಂಧಿನ ಮೆರುಗು, ಅಜಂತಾದ ಚಿತ್ರಗಳ ಮಾದರಿಗಳನ್ನು ಬಳಸಿ ಹೂದಾನಿಗಳನ್ನು ಮಾಡಿಸಿದ. ಅವು ಪಾಶ್ಚಾತ್ಯರ ಸಂಗ್ರಹಗಳನ್ನೂ ಸೇರಿದವು. ಇಲ್ಲಿ ಮೆರುಗಿನ ಕೆಲಸ ಕಾಯುವುದಲ್ಲ, ಕಣ್ಣು ಸೆಳೆಯುವುದು.

ಈ ವ್ಯತ್ಯಾಸ ಮರೆತರೆ ಅಪಾಯವಿದೆ. ಕಡಿಮೆ ಶಾಖದಲ್ಲಿ ಕರಗಿ ಚೆನ್ನಾಗಿ ಹೊಳೆಯಲೆಂದು ಅನೇಕ ಅಲಂಕಾರದ ಮೆರುಗುಗಳಿಗೆ ಸೀಸವನ್ನು ಬೆರೆಸುತ್ತಿದ್ದರು. ಹುಳಿ ಪದಾರ್ಥ ಅದರಲ್ಲಿ ನಿಂತರೆ ಸೀಸ ಬಿಟ್ಟುಕೊಂಡು ಆಹಾರಕ್ಕೆ ಸೇರುತ್ತದೆ. ಮಕ್ಕಳ ಮಿದುಳಿಗೆ ಅದು ವಿಷ. ಸೀಸವಿದೆಯೋ ಇಲ್ಲವೋ ಎಂಬುದನ್ನು ಬರಿಗಣ್ಣಿನಿಂದ ಹೇಳಲಾಗದು. ಆದ್ದರಿಂದ ಭರಣಿಯಲ್ಲಿ ಹೂ ಇಡಬಹುದು, ಹಳೆಯ ಹೂದಾನಿಯಲ್ಲಿ ಮಿಡಿ ಹಾಕಬಾರದು. ಒಳಮೈ ಬಿರಿದ ಅಥವಾ ಮೆರುಗು ಎದ್ದ ಭರಣಿಯನ್ನೂ ಉಪ್ಪಿನಕಾಯಿಗೆ ಬಳಸದಿರುವುದೇ ಲೇಸು.

ಹೂದಾನಿಯ ಬೆಲೆಯನ್ನು ಅಂಗಡಿಯವರು ಹೇಳುತ್ತಾರೆ. ಭರಣಿಯ ಬೆಲೆ ಗೊತ್ತಾಗುವುದು ಸುರಿಯುವ ಮಳೆಗಾಲದಲ್ಲಿ, ಗಂಜಿಯ ಪಕ್ಕಕ್ಕೆ ಮಿಡಿಯೊಂದು ಬಂದು ಕೂತಾಗ. ಅಟ್ಟದಲ್ಲಿ ಇನ್ನೂ ಒಂದು ಉಳಿದಿದ್ದರೆ ಗುಜರಿಗೆ ಹಾಕುವ ಮುನ್ನ ಒಮ್ಮೆ ಯೋಚಿಸುವುದು ಒಳ್ಳೆಯದು.