ಬೆಟ್ಟ ಇಳಿಯುವ ಮುನ್ನ ಬ್ರೇಕ್ ಆಯಿಲ್ ನೋಡಿರಿ

ಯಲಹಂಕದ ಪುಟ್ಟೇನಹಳ್ಳಿಯ ಸುತ್ತಮುತ್ತ ಪಿಕಪ್ ಗಾಡಿಯೊಂದನ್ನೇ ನಂಬಿ ಬಾಳುವ ಮನೆಗಳು ಕಡಿಮೆಯಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಕಡೆಯಿಂದ ತರಕಾರಿ, ಹೂವು, ದ್ರಾಕ್ಷಿಗಳನ್ನು ನಗರಕ್ಕೆ ತರುವುದು, ಯಶವಂತಪುರದ ಮಾರುಕಟ್ಟೆಯಿಂದ ದಿನಸಿ ಮೂಟೆಗಳನ್ನು ಅಂಗಡಿಗಳಿಗೆ ಮುಟ್ಟಿಸುವುದು ಈ ಗಾಡಿಗಳ ನಿತ್ಯದ ಕಾಯಕ. ಶಿವರಾತ್ರಿ, ಯುಗಾದಿ, ದೀಪಾವಳಿಗಳು ಬಂದುವೆಂದರೆ ಅದೇ ಗಾಡಿ ಅಕ್ಕಿ, ಬೇಳೆ, ಬೆಲ್ಲಗಳನ್ನು ಹೊತ್ತು ದಾಸೋಹದ ಸೇವೆಗೆಂದು ಸಿದ್ಧಗಂಗೆಗೋ ಮಲೆ ಮಹದೇಶ್ವರ ಬೆಟ್ಟಕ್ಕೋ ಹೊರಡುತ್ತದೆ. ಸಿದ್ಧಗಂಗೆಯ ದಾರಿ ಸುಗಮ. ಮಾದಪ್ಪನ ಬೆಟ್ಟದ ಮಾತು ಬೇರೆ. ಕೊಳ್ಳೇಗಾಲ, ಹನೂರು, ಕೌದಳ್ಳಿಗಳನ್ನು ದಾಟಿ ತಾಳಬೆಟ್ಟವನ್ನು ಮುಟ್ಟಿದ ಮೇಲೆ ರಸ್ತೆ ಸುತ್ತಿ ಸುತ್ತಿ ಏರುತ್ತದೆ. ಹಿಂದಿರುಗುವಾಗ ಆ ತಿರುವುಗಳನ್ನೆಲ್ಲ ಇಳಿಯಬೇಕು. ವರ್ಷವಿಡೀ ಹೆಬ್ಬಾಳದ ವಾಹನದಟ್ಟಣೆಯಲ್ಲಿ ತೆವಳಿದ ಗಾಡಿಯ ಬ್ರೇಕಿಗೆ ನಿಜವಾದ ಪರೀಕ್ಷೆ ಅಲ್ಲಿಯೇ.

ಚಾಲಕನು ಪೆಡಲನ್ನು ತುಳಿದಾಗ ಆ ಒತ್ತಡವನ್ನು ಚಕ್ರಗಳಿಗೆ ಒಯ್ಯುವುದು ಕೊಳವೆಗಳಲ್ಲಿ ತುಂಬಿರುವ ಒಂದು ದ್ರವ. ಜನರು ಇದನ್ನು ಬ್ರೇಕ್ ಆಯಿಲ್ ಎನ್ನುತ್ತಾರೆ. ಹೆಸರಿಗೆ ಆಯಿಲ್ ಆದರೂ ಸಾಮಾನ್ಯ ಬಳಕೆಯ ಈ ದ್ರವ ಎಣ್ಣೆಯಲ್ಲ. ಗ್ಲೈಕಾಲ್ ಜಾತಿಯ ರಾಸಾಯನಿಕ. ಈ ಹೆಸರಿನಿಂದಲೇ ಅನಾಹುತಗಳಾಗುವುದುಂಟು. ಮಟ್ಟ ತಗ್ಗಿದೆಯೆಂದು ಕೈಗೆ ಸಿಕ್ಕಿದ ಎಂಜಿನ್ ಆಯಿಲನ್ನೋ ಸ್ಟೀರಿಂಗ್ ಆಯಿಲನ್ನೋ ಸುರಿದರೆ ಒಳಗಿನ ರಬ್ಬರ್ ವಾಷರುಗಳು ಉಬ್ಬಿ ಕೆಡುತ್ತವೆ. ಆಗ ದ್ರವವನ್ನಷ್ಟೇ ಬದಲಿಸಿದರೆ ಸಾಲದು, ರಬ್ಬರಿನ ಭಾಗಗಳನ್ನೆಲ್ಲ ಹೊಸದಾಗಿ ಹಾಕಿಸಬೇಕಾದೀತು.

ದ್ರವವನ್ನು ಒತ್ತಿ ಕುಗ್ಗಿಸಲಾಗದು. ಅದರ ಗುಣವೂ ಅದೇ, ಉಪಯೋಗವೂ ಅದೇ. ಆದರೆ ಅದು ಕುದಿದು ಆವಿಯಾದರೆ ಆವಿಯನ್ನು ಕುಗ್ಗಿಸಬಹುದು. ಆಗ ಪೆಡಲು ಸ್ಪಂಜಿನಂತೆ ಮೆತ್ತಗಾಗಿ ತಳ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಇಳಿಜಾರಿನಲ್ಲಿ ಅಷ್ಟು ಕಾವು ಎಲ್ಲಿಂದ ಬರುತ್ತದೆಂದು ಕೇಳಬಹುದು. ಮೂರು ಟನ್ ತೂಕದ ಗಾಡಿಯೊಂದು ೫೦೦ ಮೀಟರ್ ಎತ್ತರದಿಂದ ಬ್ರೇಕನ್ನೇ ನಂಬಿ ಇಳಿದರೆ ಹುಟ್ಟುವ ಶಾಖವು ಲೆಕ್ಕದ ಪ್ರಕಾರ ೪೦ ಲೀಟರಿಗೂ ಮಿಕ್ಕಿದ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕು. ದಾಸೋಹದ ಮನೆಯಲ್ಲಿ ಅಷ್ಟು ನೀರು ಕಾಯಲು ಎಷ್ಟು ಸೌದೆ ಬೇಕೆಂಬುದನ್ನು ನಮ್ಮ ತಾಯಂದಿರು ಬಲ್ಲರು.

ಈ ದ್ರವದ ಇನ್ನೊಂದು ಸ್ವಭಾವವೇ ಹೆಚ್ಚು ಅಪಾಯದ್ದು. ಅದು ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಗಾಡಿ ಓಡಲಿ, ಮನೆಯ ಮುಂದೆ ನಿಂತಿರಲಿ, ರಬ್ಬರ್ ಹೋಸುಗಳ ಮೂಲಕವೂ ಮುಚ್ಚಳದ ಸಂದಿನಿಂದಲೂ ತೇವ ಒಳಗೆ ಸೇರುತ್ತಲೇ ಇರುತ್ತದೆ. ಡಾಟ್ ೩ ಎಂಬ ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ ೨೦೫ ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ನಿಯಮ. ಶೇಕಡಾ ೩.೭ರಷ್ಟು ನೀರು ಸೇರಿದಾಗ ಆ ಕನಿಷ್ಠ ಮಿತಿ ೧೪೦ಕ್ಕೆ ಇಳಿಯುತ್ತದೆ. ಡಾಟ್ ೪ಕ್ಕೆ ಇವು ಕ್ರಮವಾಗಿ ೨೩೦ ಮತ್ತು ೧೫೫. ಕಿಲೋಮೀಟರ್ ಹೆಚ್ಚು ಓಡಿಲ್ಲವೆಂದು ಸಮಾಧಾನಪಡುವವರು ಗಮನಿಸಬೇಕಾದುದು ಇದನ್ನೇ: ಬ್ರೇಕ್ ಆಯಿಲ್ ಸವೆಯುವುದು ದೂರದಿಂದಲ್ಲ, ಕಾಲದಿಂದ. ಊರೊಳಗಿನ ಓಡಾಟದಲ್ಲಿ ಈ ದೋಷ ಎಷ್ಟೋ ವೇಳೆ ಕಾಣಿಸಿಕೊಳ್ಳುವುದೇ ಇಲ್ಲ.

ಕೊಳ್ಳುವಾಗ ಗಾಡಿಯ ಕೈಪಿಡಿಯಲ್ಲಿಯೂ ಆಯಿಲ್ ಡಬ್ಬಿಯ ಮುಚ್ಚಳದ ಮೇಲೂ ಬರೆದಿರುವ ದರ್ಜೆಯನ್ನೇ ಕೇಳಿ ಪಡೆಯಬೇಕು. ಅದಕ್ಕಿಂತ ಕೆಳದರ್ಜೆ ಸಲ್ಲದು. ಡಾಟ್ ೫ ಎಂಬುದು ಸಿಲಿಕೋನ್ ದ್ರವ. ಸಂಖ್ಯೆ ದೊಡ್ಡದೆಂದು ಅದನ್ನು ತಂದು ಬೆರೆಸಬಾರದು. ಡಾಟ್ ೫.೧ ಎಂಬುದು ಮತ್ತೆ ಗ್ಲೈಕಾಲ್ ಜಾತಿಯದೇ! ಹೆಸರಿಟ್ಟವರು ಜನಸಾಮಾನ್ಯರನ್ನು ನೆನೆಯಲಿಲ್ಲವೆಂದೇ ನಮಗೆ ತೋರುತ್ತದೆ. ಸೀಲು ಒಡೆಯದ ಸಣ್ಣ ಬಾಟಲಿ ಕೊಂಡರೆ ಲೇಸು. ಅರ್ಧ ಬಳಸಿ ಕಪಾಟಿನಲ್ಲಿಟ್ಟ ಬಾಟಲಿಯದು ತೇವ ಕುಡಿದ ದ್ರವ. ನಾಲ್ಕು ಕಾಸಿನ ಉಳಿತಾಯಕ್ಕೆ ಅದನ್ನು ಹಾಕುವುದು ಬೇಡ.

ಡಬ್ಬಿಯಲ್ಲಿ ಮಟ್ಟವು ಎರಡು ಗೆರೆಗಳ ನಡುವೆ ಇರಬೇಕು. ಬ್ರೇಕ್ ಪ್ಯಾಡು ಸವೆದಂತೆ ಅದು ನಿಧಾನವಾಗಿ ಇಳಿಯುವುದು ಸಹಜ. ಬೇಗಬೇಗನೆ ಇಳಿದರೆ ಎಲ್ಲಿಯೋ ಸೋರುತ್ತಿದೆಯೆಂದೇ ಅರ್ಥ. ಸೋರಿಕೆ ಹುಡುಕದೆ ಮೇಲೆ ಸುರಿಯುತ್ತ ಹೋಗುವುದು ರೋಗ ಮುಚ್ಚಿಟ್ಟಂತೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ತಯಾರಕರು ಅದಕ್ಕೂ ಮೊದಲೇ ಹೇಳಿದ್ದರೆ ಆಗಲೇ, ಹಳೆಯದನ್ನು ಪೂರ್ತಿ ತೆಗೆಸಿ ಹೊಸದನ್ನು ತುಂಬಿಸಿ, ಪ್ರತಿ ಚಕ್ರದಿಂದಲೂ ಏರ್ ತೆಗೆಸಬೇಕು. ಕೆಲಸ ಮುಗಿಯುವವರೆಗೆ ಮಾಲೀಕನು ಪಕ್ಕದಲ್ಲಿ ನಿಂತು ನೋಡುವುದರಲ್ಲಿ ಸಂಕೋಚವೇನೂ ಬೇಕಿಲ್ಲ. ಈ ದ್ರವ ಬಣ್ಣವನ್ನು ಕೀಳುತ್ತದೆ. ಗಾಡಿಯ ಮೇಲೆ ಚೆಲ್ಲಿದರೆ ತಕ್ಷಣ ನೀರಿನಿಂದ ತೊಳೆಯತಕ್ಕದ್ದು. ತೆಗೆದ ಹಳೆಯ ದ್ರವವನ್ನು ಚರಂಡಿಗೆ ಚೆಲ್ಲದೆ ಗ್ಯಾರೇಜಿನ ತ್ಯಾಜ್ಯದ ಡಬ್ಬಕ್ಕೇ ಹಾಕಿಸಬೇಕು. ಹಕ್ಕಿಗಳು ಬಂದಿಳಿಯುವ ಕೆರೆಯೊಂದು ಪುಟ್ಟೇನಹಳ್ಳಿಯವರ ಮಗ್ಗುಲಲ್ಲೇ ಇದೆ.

ಇನ್ನು ಬೆಟ್ಟದ ಪ್ರಯಾಣ. ಮೂಟೆಗಳನ್ನು ಇಳಿಸಿದ ಮೇಲೆ ಗಾಡಿ ಖಾಲಿಯಿದೆಯೆಂದು ಹಿಂಭಾಗದಲ್ಲಿ ಹೆಂಗಸರು ಮಕ್ಕಳಾದಿಯಾಗಿ ಜನರನ್ನು ಕೂರಿಸಿಕೊಂಡು ಇಳಿಯುವ ರೂಢಿ ಕೆಲವೆಡೆ ಇದೆ. ಇದು ಕಾನೂನಿಗೆ ವಿರುದ್ಧ. ಭಕ್ತಿಯ ಹೆಸರಿನಲ್ಲಿಯೂ ಇದನ್ನು ನಾವು ಒಪ್ಪಲಾರೆವು. ಹಿರಿಯರು ಅವರನ್ನು ಬಸ್ಸಿಗೆ ಹತ್ತಿಸಲಿ. ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್ಲಿನಲ್ಲಿ ಇಳಿಯುವುದಂತೂ ಕೂಡದು. ಎಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆಯೇ ಬೀಳುತ್ತದೆ. ಎಂಜಿನ್ನನ್ನೇ ಆರಿಸಿದರೆ ಪೆಡಲಿಗೆ ದೊರೆಯುವ ಬೂಸ್ಟರಿನ ನೆರವೂ ಸ್ವಲ್ಪದರಲ್ಲೇ ನಿಂತುಹೋಗುತ್ತದೆ. ಇಳಿಜಾರು ಆರಂಭವಾಗುವ ಮೊದಲೇ ಎರಡನೆಯ ಗೇರಿಗೆ, ಕಡಿದಾದಲ್ಲಿ ಮೊದಲನೆಯ ಗೇರಿಗೆ ಬರಬೇಕು. ಬ್ರೇಕಿನ ಮೇಲೆ ಕಾಲನ್ನು ಸದಾ ಇಟ್ಟಿರದೆ, ವೇಗ ಏರಿದಾಗ ಗಟ್ಟಿಯಾಗಿ ಒತ್ತಿ ಇಳಿಸಿ ಮತ್ತೆ ಬಿಡಬೇಕು.

ಸುಟ್ಟ ವಾಸನೆ ಬಂದರೆ ಅಥವಾ ಪೆಡಲು ಮೆತ್ತಗಾದರೆ ತಡಮಾಡದೆ ಪೆಡಲನ್ನು ಮತ್ತೆ ಮತ್ತೆ ತುಳಿಯುತ್ತ, ಗೇರನ್ನು ಇಳಿಸುತ್ತ, ಕೈಬ್ರೇಕನ್ನು ಮೆಲ್ಲಗೆ ಎಳೆಯುತ್ತ ಬೆಟ್ಟದ ಗೋಡೆಯ ಕಡೆಗೆ ಗಾಡಿಯನ್ನು ನಿಲ್ಲಿಸಬೇಕು. ಕೈಬ್ರೇಕು ಸಾಮಾನ್ಯವಾಗಿ ತಂತಿಯಿಂದ ನಡೆಯುವುದರಿಂದ ಅದಕ್ಕೆ ಈ ದ್ರವದ ಹಂಗಿಲ್ಲ. ಕಾದ ಚಕ್ರಕ್ಕೆ ನೀರು ಎರಚದೆ ತಾನಾಗಿಯೇ ಆರಲು ಬಿಡಿರಿ. ಆರಿದ ಮೇಲೆ ಆವಿ ಮತ್ತೆ ದ್ರವವಾಗಿ ಪೆಡಲು ಮೊದಲಿನಂತೆ ಗಟ್ಟಿಯಾಗುತ್ತದೆ. ಎಲ್ಲ ಸರಿಯಾಯಿತೆಂದು ಅನೇಕರು ಮೋಸಹೋಗುವುದು ಇಲ್ಲಿಯೇ. ಅಲ್ಲಿಂದ ಮುಂದಕ್ಕೆ ಗಾಡಿ ಹೋಗಬೇಕಾದುದು ಮನೆಗಲ್ಲ, ಮೆಕ್ಯಾನಿಕನನ್ನು ಸ್ಥಳಕ್ಕೆ ಕರೆಸಿಯೋ ಎಳೆಸಿಕೊಂಡೋ, ಹತ್ತಿರದ ಗ್ಯಾರೇಜಿಗೆ.